ಟುವಾಲು: ಸಂಜೆಯಾದರೆ ರನ್‌ವೇಯೇ ಆಟದ ಮೈದಾನ

ವಿಮಾನ ಇಳಿಯುವ ರನ್‌ವೇ ಮೇಲೆ ಮಕ್ಕಳು ಫುಟ್‌ಬಾಲ್ ಆಡುವ ದೇಶ ಯಾವುದು ಗೊತ್ತಾ? ಪೆಸಿಫಿಕ್ ಸಾಗರದ ಟುವಾಲು!

ಒಟ್ಟು 9 ದ್ವೀಪ, 26 ಚದರ ಕಿಲೋಮೀಟರ್ ನೆಲ, ಸುಮಾರು 11 ಸಾವಿರ ಜನ.

ರಾಜಧಾನಿ ಫುನಾಫುಟಿಗೆ ವಾರಕ್ಕೆ ಕೆಲವೇ ವಿಮಾನ ಬರುತ್ತವೆ. ಸೈರನ್ ಕೂಗಿದರೆ ಎಲ್ಲರೂ ಬದಿಗೆ. ವಿಮಾನ ಹೋದರೆ ಮತ್ತೆ ವಾಲಿಬಾಲ್, ಹರಟೆ.

ಇಲ್ಲಿ ನದಿಯಿಲ್ಲ, ತೊರೆಯಿಲ್ಲ. ಸೂರಿನಿಂದ ಟ್ಯಾಂಕಿಗೆ ಇಳಿದ ಮಳೆನೀರೇ ಕುಡಿಯಲು ಆಧಾರ.

ಹವಳದ ನೆಲದಲ್ಲಿ ಗುಂಡಿ ತೋಡಿ, ಎಲೆಗೊಬ್ಬರ ಹಾಕಿ, ಪುಲಾಕ ಎಂಬ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ಸಮುದ್ರ ಏರಿದಂತೆ ಆ ಗುಂಡಿಗಳಿಗೂ ಉಪ್ಪುನೀರು ಸೇರುತ್ತಿದೆ.

ಈ ಅಪಾಯದ ನಡುವೆ 2023ರಲ್ಲಿ ಆಸ್ಟ್ರೇಲಿಯಾ ಜೊತೆ ಒಪ್ಪಂದವಾಯಿತು: ವರ್ಷಕ್ಕೆ ಟುವಾಲುವಿನ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು.

ಆದರೆ ಹೋಗಲು ದಾರಿ ಕೊಟ್ಟರೆ ಸಾಲದು. ಹುಟ್ಟಿದ ಊರಲ್ಲೇ ಬಾಳುವ ಅವರ ಹಕ್ಕನ್ನೂ ಜಗತ್ತು ಕಾಪಾಡಬೇಕು.