ಪೆಟ್ಟು ಮಂಡಿಗೆ, ಪಾಠ ಸೊಂಟಕ್ಕೆ

ಕಬಡ್ಡಿ ಅಂಕಣದಲ್ಲಿ ನಾನು ಬಿದ್ದಾಗ ಯಾರೂ ನನ್ನನ್ನು ಮುಟ್ಟಿರಲಿಲ್ಲ. ರೈಡಿಗೆ ಹೋದವನು ಬೋನಸ್ ಗೆರೆಯ ಹತ್ತಿರ ಗಕ್ಕನೆ ತಿರುಗಿದೆ, ಬಲ ಮಂಡಿಯೊಳಗೆ ‘ಟಕ್’ ಎಂದಿತು. ಊರಿನವರೆಲ್ಲ ಉಳುಕು ಎಂದರು, ಎಣ್ಣೆ ಹಚ್ಚಿ ನೀವಿದ್ದೂ ಆಯಿತು. ಊತ ಇಳಿದರೂ ಮೆಟ್ಟಿಲು ಇಳಿಯುವಾಗ ಮಂಡಿ ಕಳಚಿಕೊಂಡಂತಾಗುತ್ತಿತ್ತು. ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗಿದ್ದು, ಎಸಿಎಲ್ ಪೂರ್ತಿ ಹರಿದಿದೆ ಅಂತ. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯೊಳಗೆ ಹಿಡಿದಿಡುವ ಹುರಿ ಅದು. ತೊಡೆಯ ಹಿಂಬದಿಯ ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಕೂರಿಸಿದರು.

ಆ ವರ್ಷ ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪು ಮಾರಿ ಬಂದ ದುಡ್ಡಿನಲ್ಲಿ ದೊಡ್ಡ ಪಾಲು ನನ್ನ ಮಂಡಿಗೇ ಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೇಳಿಕೊಟ್ಟ ವ್ಯಾಯಾಮವನ್ನು ಒಂದಷ್ಟು ದಿನ ಮಾಡಿ ಬಿಟ್ಟೆ. ತಪ್ಪು ನನ್ನದೇ. ಮೂರನೇ ತಿಂಗಳಲ್ಲಿ ಮತ್ತೆ ಹೋದಾಗ ಫಿಸಿಯೋ ಮೇಡಂ ಕನ್ನಡಿ ಮುಂದೆ ನಿಲ್ಲಿಸಿ, ‘ಬಲಗಾಲಲ್ಲಿ ನಿಂತು ನಿಧಾನಕ್ಕೆ ಸ್ವಲ್ಪ ಮಂಡಿ ಬಗ್ಗಿಸಪ್ಪ’ ಎಂದರು. ಮಂಡಿ ಒಳಕ್ಕೆ ವಾಲಿತು. ಎಡಗಡೆ ಸೊಂಟ ಕೆಳಕ್ಕೆ ಕುಸಿಯಿತು. ‘ನಿನ್ನ ಮಂಡಿ ಪರವಾಗಿಲ್ಲ ಕಣಪ್ಪ, ಸೊಂಟಕ್ಕೇ ಶಕ್ತಿಯಿಲ್ಲ’ ಎಂದು ನಕ್ಕರು.

ನನಗೆ ಸಿಟ್ಟು ಬಂತು. ರೂಮಿಗೆ ಬಂದು ಎರಡನೇ ಸೆಮಿಸ್ಟರಿನಲ್ಲಿ ಕಲಿತಂತೆ ಬಲಗಳ ಚಿತ್ರ ಬಿಡಿಸಿದ ಮೇಲೆ ಸಿಟ್ಟಿಳಿಯಿತು. ಒಂಟಿಕಾಲಲ್ಲಿ ನಿಂತಾಗ ದೇಹದ ಭಾರ ಸೊಂಟದ ಕೀಲಿನ ಒಳಬದಿಗೆ ಬೀಳುತ್ತದೆ. ಹೊರಬದಿಯಿಂದ ಅದನ್ನು ಎಳೆದು ಹಿಡಿಯುವುದು ಪೃಷ್ಠದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಸನ್ನೆಗೋಲಿನ ಲೆಕ್ಕದಲ್ಲಿ ಭಾರದ ಕಡೆಯ ತೋಳು ಉದ್ದ, ಸ್ನಾಯುವಿನ ಕಡೆಯದು ಗಿಡ್ಡ. ಹಾಗಾಗಿ ಸುಮ್ಮನೆ ನಿಂತರೂ ಅದು ದೇಹತೂಕದ ಸುಮಾರು ಎರಡು ಪಟ್ಟು ಬಲದಲ್ಲಿ ಜಗ್ಗಬೇಕು. ಅದು ಸೋತರೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ, ಮಂಡಿ ಹಿಂದೆಯೇ ವಾಲುತ್ತದೆ. ಎಸಿಎಲ್ ಹರಿಯುವುದು ಬಹಳ ಸಲ ಇದೇ ಭಂಗಿಯಲ್ಲಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಿದ 56 ಮಂದಿಯಲ್ಲಿ 13 ಮಂದಿಗೆ ಒಂದೇ ವರ್ಷದಲ್ಲಿ ಮತ್ತೆ ಪೆಟ್ಟಾಗಿತ್ತು. ಅದನ್ನು ಮೊದಲೇ ಸೂಚಿಸಿದ ಲಕ್ಷಣಗಳಲ್ಲಿ ಸೊಂಟದ ಹಿಡಿತವೂ ಒಂದು.

ಅಂದಿನಿಂದ ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ಕಾಲಿಗೆ ಸಿಕ್ಕಿಸಿಕೊಂಡು ಅಂಗಳದಲ್ಲಿ ಏಡಿಯಂತೆ ಪಕ್ಕಕ್ಕೆ ನಡೆಯತೊಡಗಿದೆ. ‘ಇದೇನ್ಲಾ ನಿನ್ ಅವತಾರ’ ಅಂದಳು ಅವ್ವ. ಬೀದಿಯ ಮಕ್ಕಳು ಸಾಲಾಗಿ ನನ್ನ ಹಿಂದೆಯೇ ಏಡಿಗಳಾದರು. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಸೇತುಬಂಧಾಸನ, ಮೆಟ್ಟಿಲಿಂದ ಒಂಟಿಕಾಲಲ್ಲಿ ಇಳಿಯುವುದು. ಕೇಳಲಿಕ್ಕೆ ಸಪ್ಪೆ, ಮಾಡಿದರೆ ಬೆವರು.

ನಿಜವಾದ ಪರೀಕ್ಷೆ ಎದುರಾದದ್ದು ಐದನೇ ತಿಂಗಳಲ್ಲಿ. ನೋವೇ ಇಲ್ಲ! ‘ಒಂದೇ ಮ್ಯಾಚ್ ಬಾರ್ಲಾ’ ಎಂದು ಗೆಳೆಯರ ಫೋನು. ಶೂ ಕೂಡ ಹಾಕಿಕೊಂಡಿದ್ದೆ. ಆದರೆ ನೋವು ಹೋದಷ್ಟು ಬೇಗ ಹೊಸ ಹುರಿ ಬಲಿಯುವುದಿಲ್ಲ. ಅದಕ್ಕೆ ರಕ್ತನಾಳ ಹಬ್ಬಿ ಗಟ್ಟಿಯಾಗಲು ವರ್ಷವೇ ಬೇಕಾದೀತು. 2016ರ ಅಧ್ಯಯನವೊಂದರ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೆ ಮರುಗಾಯದ ಸಾಧ್ಯತೆ ಶೇ 51ರಷ್ಟು ಇಳಿಯುತ್ತದೆ. ಶೂ ಬಿಚ್ಚಿದೆ. ಅಂದು ರಾತ್ರಿ ಊಟ ಸೇರಲಿಲ್ಲ, ಅದೂ ನಿಜ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೊರಬಂದ ವಿನೇಶ್ ಫೋಗಟ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ನಮ್ಮೂರಿನ ರಸ್ತೆ ಹಿಡಿದು ಮುಂದೆ ಹೋದರೆ ಸಿಗುವ ಕೊಡಗಿನ ರೋಹನ್ ಬೋಪಣ್ಣ ಮಂಡಿಯ ಮೃದ್ವಸ್ಥಿ ಸವೆದಿದ್ದರೂ ಅಯ್ಯಂಗಾರ್ ಯೋಗ ಹಿಡಿದು, 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು.

ಕಾನ್‌ಸ್ಟೆಬಲ್ ಆಗಬೇಕೆಂದು ಬೆಳಗಿನ ಜಾವ ಹೆದ್ದಾರಿಯಲ್ಲಿ 1,600 ಮೀಟರ್ ಓಡುವ ನಮ್ಮ ಹುಡುಗರೂ ಓಟ ಮುಗಿಸಿ ಮಂಡಿ ಹಿಡಿದು ಕೂರುತ್ತಾರೆ. ಕನ್ನಡಿ ಮುಂದೆ ಒಂಟಿಕಾಲಲ್ಲಿ ನಿಂತು ಬಗ್ಗಿ ನೋಡ್ರೋ ಎಂದೆ. ಐವರಲ್ಲಿ ಮೂವರ ಮಂಡಿ ಒಳಕ್ಕೇ ಹೋಯಿತು. ಈಗ ಅವರೂ ಟ್ಯೂಬ್ ಹುಡುಕುತ್ತಿದ್ದಾರೆ.

ನನಗೀಗ ಎಂಟನೇ ತಿಂಗಳು. ಮೊನ್ನೆ ಒಂಟಿಕಾಲಿನ ಜಿಗಿತ ಅಳೆದರು. ಎಡಗಾಲಿನ ಶೇ 84ರಷ್ಟು ದೂರ ಬಲಗಾಲು ಹಾರಿತು. ಶೇ 90 ದಾಟುವವರೆಗೆ ಅಂಕಣದತ್ತ ತಲೆ ಹಾಕಬೇಡ ಎಂದಿದ್ದಾರೆ ಮೇಡಂ. ಅಂತರ ಕಾಲೇಜು ಟೂರ್ನಿಯ ಪಟ್ಟಿಯಲ್ಲಿ ಈ ಸಲ ನನ್ನ ಹೆಸರಿಲ್ಲ. ಸ್ಕೋರ್ ಬರೆಯಲು ಬಾ ಎಂದಿದ್ದಾರೆ. ಹೋಗುತ್ತೇನೆ.