ಗಾಂಧಾರ ತೊರೆದ ಗಿಟಾರ್: ಮಧ್ಯಮಾವತಿಗೆ ಒಗ್ಗುವ ಸಸ್ಪೆಂಡೆಡ್ ಸ್ಲ್ಯಾಶ್ ಕಾರ್ಡ್

ಕೃಷ್ಣರಾಜನಗರಕ್ಕೆ ತಮ್ಮ ಹೆಸರನ್ನಿತ್ತ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳಂತೆ ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು. ಪಾಶ್ಚಾತ್ಯ ವಾದ್ಯ ಈ ಸೀಮೆಗೆ ಹೊಸದಲ್ಲ. ಆದರೆ ಭಜನೆ, ಭಾವಗೀತೆಗಳಿಗೆ ಪಕ್ಕವಾದ್ಯವಾಗಿ ಗಿಟಾರ್ ಹಿಡಿಯುವ ಯುವಕರಿಗೆ ಒಂದು ತೊಡಕು ಎದುರಾಗುತ್ತದೆ. ಹಾಡು ಮಧ್ಯಮಾವತಿಯಲ್ಲಿದ್ದರೆ ಷಡ್ಜದ ಮೇಲೆ ಮೇಜರ್ ಕಾರ್ಡೂ ಹೊಂದದು, ಮೈನರ್ ಕಾರ್ಡೂ ಹೊಂದದು.

ಮೇಜರ್ ಕಾರ್ಡಿನ ನಡುವೆ ಅಂತರ ಗಾಂಧಾರವಿದೆ, ಮೈನರಿನಲ್ಲಿ ಸಾಧಾರಣ ಗಾಂಧಾರ. ಕಛೇರಿಯ ಕೊನೆಗೆ ಮಂಗಳಕರವೆಂದು ಹಾಡುವ ಮಧ್ಯಮಾವತಿಗಾದರೋ ಗಾಂಧಾರವೇ ಇಲ್ಲ. ಸ, ರಿ, ಮ, ಪ, ನಿ ಎಂಬ ಐದೇ ಸ್ವರಗಳು. ಒಂದು ತಪ್ಪು ಮೀಟಿಗೆ ರಾಗ ಕೆಡುತ್ತದೆ.

ಗಾಂಧಾರವನ್ನು ತೆಗೆದು ಆ ಸ್ಥಾನದಲ್ಲಿ ಮಧ್ಯಮವನ್ನೋ ರಿಷಭವನ್ನೋ ಇರಿಸಿದರೆ ಅದು ಸಸ್ಪೆಂಡೆಡ್ ಕಾರ್ಡ್. ಸ್ಲ್ಯಾಶ್ ಎಂಬುದು ಬರವಣಿಗೆಯ ಓರೆಗೆರೆ. ಗೆರೆಯ ಎಡಕ್ಕಿರುವುದು ಕಾರ್ಡ್, ಬಲಕ್ಕಿರುವುದು ಮಂದ್ರದಲ್ಲಿ ನಿಲ್ಲುವ ಸ್ವರ. ಎರಡೂ ಕೂಡಿದ ರೂಪವೇ ಜಿ/ಎ. ಎ ಸ್ವರವನ್ನು ಷಡ್ಜವೆಂದು ಭಾವಿಸಿದರೆ ಮೇಲಿನ ಜಿ, ಬಿ, ಡಿ ಸ್ವರಗಳು ಕ್ರಮವಾಗಿ ನಿ, ರಿ, ಮ ಆಗುತ್ತವೆ. ಜಿ ಮೇಜರ್ ಕಾರ್ಡೇ ಆದರೂ ಅದರ ನಡುವಿನ ಸ್ವರ ಇಲ್ಲಿ ರಿಷಭ, ಆದ್ದರಿಂದ ರಾಗಕ್ಕೆ ಭಂಗವಿಲ್ಲ.

ನುಡಿಸುವುದು ಅತಿ ಸುಲಭ. ಅತ್ಯಂತ ತೆಳುವಾದ ಒಂದನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ, ಆರನೆಯದನ್ನು ಬಿಟ್ಟು, ಉಳಿದ ನಾಲ್ಕನ್ನು ತೆರೆದೇ ಮೀಟಬೇಕು. ಆ ಒಂದು ಬೆರಳನ್ನೂ ಎತ್ತಿಬಿಟ್ಟರೆ ಐದನೆಯ ತಂತಿಯಿಂದ ಎ, ಡಿ, ಜಿ, ಬಿ, ಇ, ಅಂದರೆ ಸ, ಮ, ನಿ, ರಿ, ಪ ಕೇಳಿಸುತ್ತವೆ. ಮಧ್ಯಮಾವತಿಯ ಐದೂ ಸ್ವರಗಳು ಬರಿಯ ತಂತಿಗಳಲ್ಲಿಯೇ ಅಡಗಿವೆ! ಪಾಶ್ಚಾತ್ಯರು ಇದನ್ನೇ ಇ ಮೈನರ್ ಸೆವೆಂತ್/ಎ ಎಂದು ಬರೆಯುತ್ತಾರೆ.

ಸಸ್ಪೆಂಡೆಡ್ ಎಂದರೆ ತೂಗುಬಿಟ್ಟದ್ದು. ತೂಗುವ ಮಧ್ಯಮ ಗಾಂಧಾರಕ್ಕೆ ಇಳಿಯಲೇಬೇಕೆಂಬುದು ಪಾಶ್ಚಾತ್ಯರ ಹಳೆಯ ನಿಯಮ. ಎ ಕಾರ್ಡಿನಲ್ಲಿ ಎರಡನೆಯ ತಂತಿಯ ಮೂರನೆಯ ಫ್ರೆಟ್ಟಿನಿಂದ ಎರಡನೆಯದಕ್ಕೆ ಬೆರಳನ್ನಿಳಿಸಿದರೆ ಆ ಇಳಿತ ಸ್ಪಷ್ಟವಾಗಿ ಕೇಳುತ್ತದೆ. ಮಧ್ಯಮಾವತಿಯಲ್ಲಿ ಹೀಗೆ ಮಾಡಕೂಡದು; ಅಭ್ಯಾಸಬಲದಿಂದ ಹೆಚ್ಚಿನವರು ಎಡವುವುದು ಇಲ್ಲಿಯೇ. ಇಳಿಸದೆ ಬಿಟ್ಟರೆ ನಾದ ಅಪೂರ್ಣವೆನಿಸೀತೆಂಬ ಭಯವೂ ಬೇಡ. ಅಮೆರಿಕದ ಹರ್ಬಿ ಹ್ಯಾನ್‌ಕಾಕ್ 1965ರ ‘ಮೇಡನ್ ವಾಯೇಜ್’ ಕೃತಿಯನ್ನು ಬಹುಮಟ್ಟಿಗೆ ಇಂಥ ಇಳಿಯದ ಕಾರ್ಡುಗಳ ಮೇಲೆಯೇ ಕಟ್ಟಿದರು.

ಗಮಕವೇನೋ ಕಾರ್ಡಿನಿಂದ ಬಾರದು. ಆದಕಾರಣ ತಂಬೂರಿಯಂತೆ ವಿರಳವಾಗಿ ಮೀಟಿ, ಗಾಯಕರು ರಿಷಭವನ್ನು ತೂಗುವಾಗ ಸುಮ್ಮನಿರುವುದು ಲೇಸು. ಅವರ ಶ್ರುತಿ ಸಿ ಆಗಿದ್ದರೆ ಮೂರನೆಯ ಫ್ರೆಟ್ಟಿಗೆ, ಸಿ ಶಾರ್ಪ್ ಆಗಿದ್ದರೆ ನಾಲ್ಕನೆಯದಕ್ಕೆ ಕೇಪೋ ಹಾಕಿಕೊಂಡರೆ ಇದೇ ಬೆರಳ ವಿನ್ಯಾಸ ಸಾಕಾಗುತ್ತದೆ.