ಕೊಳವೆಬಾವಿಯ ನೀರೂ ಗಣಕಯಂತ್ರದ ಲೆಕ್ಕವೂ

ಡಾಕ್ಟರಾಗು, ಇಲ್ಲವೇ ಇಂಜಿನಿಯರಾಗು. ನಿಮ್ಮಲ್ಲಿ ಬಹುಪಾಲು ಮಂದಿ ಮನೆಯಲ್ಲಿ ಕೇಳಿ ಬೇಸತ್ತಿರುವ ಮಾತಿದು. ಈ ಎರಡೂ ಅಲ್ಲದ, ಆದರೆ ಎರಡಕ್ಕೂ ನೆಂಟಸ್ತಿಕೆಯಿರುವ ಒಂದು ಕೆಲಸದ ಬಗ್ಗೆ ಈ ಸಲ ಹೇಳುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಬಿ.ಎ., ವಿಜ್ಞಾನ ನನಗೆ ಅಷ್ಟಕ್ಕಷ್ಟೆ. ಆದರೆ ತಂಗಿಯ ಮಗಳು ಬಯೋಇನ್‌ಫರ್ಮ್ಯಾಟಿಕ್ಸ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ರಜೆಗೆ ಬಂದಾಗ "ಏನೇ ಅದು, ಪರದೆ ತುಂಬ ಎ, ಸಿ, ಜಿ, ಟಿ?" ಎಂದು ಕೇಳಿದ್ದೇ ನೆಪ, ಮಧ್ಯಾಹ್ನವೆಲ್ಲ ಪಾಠ ನಡೆಯಿತು. ಮಾಟುಂಗದಿಂದ ತಂದ ಅವರೆಕಾಯಿ ಬಿಡಿಸುತ್ತ ಕೇಳಿದ್ದನ್ನೂ ಆಮೇಲೆ ಓದಿಕೊಂಡಿದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಅವಳ ವಿಷಯ ಪಾಷಾಣ, ಅಂದರೆ ಆರ್ಸೆನಿಕ್. ಬಂಗಾಳದಲ್ಲಿ ಕೆರೆ ನೀರು ಕುಡಿದು ವಾಂತಿಭೇದಿಯಾಗುತ್ತದೆಂದು ಊರೂರಿಗೆ ಕೊಳವೆಬಾವಿ ಕೊರೆದರು. ಆ ನೆಲದಾಳದಲ್ಲಿ ಪಾಷಾಣವಿರುವುದು ಆಗ ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಅವರು ರೋಗಿಗಳ ಮೈಮೇಲಿನ ಕಲೆ, ಅಂಗೈ ಅಂಗಾಲಿನ ಗಂಟುಗಳನ್ನು ನೋಡಿ ಇದು ಕುಡಿಯುವ ನೀರಿನ ವಿಷವೆಂದು ಗುರುತಿಸಿದರು. ವರ್ಷಗಟ್ಟಲೆ ಕುಡಿದವರಿಗೆ ಕ್ಯಾನ್ಸರ್ ಕೂಡ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಇದು ಬಂಗಾಳದ ಗೋಳು ಮಾತ್ರ ಎಂದುಕೊಳ್ಳಬೇಡಿ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲೂ ಇದೇ ಕಥೆ. ಮಂಗಳೂರು ಎಂಬ ಹಳೆಯ ಚಿನ್ನದ ಗಣಿ ಪ್ರದೇಶದ ಊರು ಅದು (ಕರಾವಳಿಯ ಮಂಗಳೂರಲ್ಲ). ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರೂ ಸಂಗಡಿಗರೂ ಅಲ್ಲಿನ ವರದಿಯನ್ನು 2013ರಲ್ಲಿ ಪ್ರಕಟಿಸಿದರು.

ಈಗ ಕುತೂಹಲದ ಪ್ರಶ್ನೆ. ಒಂದೇ ಬಾವಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬರಿಗೆ ಕಲೆ ಬೀಳುತ್ತದೆ, ಇನ್ನೊಬ್ಬರಿಗೆ ಇಲ್ಲ. ಏಕೆ? ಊಟ, ವಯಸ್ಸು, ಬೀಡಿ ಸಿಗರೇಟು ಎಲ್ಲವೂ ಕಾರಣವೇ. ಜೊತೆಗೆ ಹತ್ತನೆಯ ವರ್ಣತಂತುವಿನಲ್ಲಿ ಎಎಸ್3ಎಂಟಿ ಎಂಬ ವಂಶವಾಹಿಯಿದೆ. ಪಾಷಾಣವನ್ನು ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುವುದಕ್ಕೆ ಬೇಕಾದ ಕಿಣ್ವವನ್ನು ಅದು ಮಾಡಿಸುತ್ತದೆ. ಬಾಂಗ್ಲಾದೇಶದ ಆರಾಯ್‌ಹಜಾರ್‌ನಲ್ಲಿ 2000ದಿಂದ ಸಾವಿರಾರು ಜನರನ್ನು ಗಮನಿಸುತ್ತ ಬಂದವರು, ಈ ವಂಶವಾಹಿಯ ಆಸುಪಾಸಿನ ಅಕ್ಷರ ವ್ಯತ್ಯಾಸಕ್ಕೂ ಚರ್ಮದ ಕಲೆಗೂ ನಂಟಿದೆಯೆಂದು 2012ರಲ್ಲಿ ತೋರಿಸಿದರು. ಅರ್ಜೆಂಟೀನಾದ ಆಂಡಿಸ್ ಪರ್ವತದ ಒಂದು ಊರಿನವರು ತಲೆತಲಾಂತರದಿಂದ ಇಂಥ ನೀರನ್ನೇ ಕುಡಿದವರು; ಅವರಲ್ಲಿ ಪಾಷಾಣವನ್ನು ಚೆನ್ನಾಗಿ ಹೊರಹಾಕುವ ರೂಪವೇ ಹೆಚ್ಚಾಗಿ ಉಳಿದುಕೊಂಡಿದೆಯಂತೆ.

ಇದನ್ನೆಲ್ಲ ಹುಡುಕುವುದು ಸುಲಭವಲ್ಲ. ನಮ್ಮೊಳಗಿನ ಅಕ್ಷರಗಳು ಸುಮಾರು 300 ಕೋಟಿ. ಹತ್ತು ಲಕ್ಷ ಕಡೆ ಪರೀಕ್ಷಿಸಿ, ನೂರಕ್ಕೆ ಐದು ತಪ್ಪಾದರೂ ಸರಿ ಎಂದು ಬಿಟ್ಟರೆ 50,000 ಸುಳ್ಳು ಉತ್ತರ ಬರುತ್ತವೆ! ಅದಕ್ಕೇ ಹತ್ತು ಕೋಟಿಗೆ ಐದು ಎಂಬಷ್ಟು ಬಿಗಿಯಾದ ಅಳತೆಗೋಲು ಇಟ್ಟುಕೊಂಡಿದ್ದಾರೆ. ಇನ್ನು ದಿನದ ಕೆಲಸವೆಂದರೆ, ಅವಳ ಮಾತಿನಲ್ಲೇ ಹೇಳುವುದಾದರೆ, ಅಕ್ಕಿಯಲ್ಲಿ ಕಲ್ಲು ಆರಿಸುವುದು.

ಒಮ್ಮೆ ಅವಳಿಗೊಂದು ಹೊಸ ಫಲಿತಾಂಶ ಸಿಕ್ಕಿತ್ತು. ಮನೆಮಂದಿಗೆಲ್ಲ ಫೋನು ಮಾಡಿ ಹೇಳಿದ್ದಳು. ಬರೆದು ಕಳಿಸುವ ಮೊದಲು ಇನ್ನೊಮ್ಮೆ ನೋಡಿದರೆ, ಕಾಯಿಲೆಯವರ ರಕ್ತವನ್ನೆಲ್ಲ ಒಂದು ಕಂತಿನಲ್ಲಿ, ಆರೋಗ್ಯವಂತರದನ್ನು ಇನ್ನೊಂದು ಕಂತಿನಲ್ಲಿ ಪರೀಕ್ಷೆ ಮಾಡಿದ್ದರು. ಅವಳು ಕಂಡದ್ದು ಕಾಯಿಲೆಯ ಗುರುತಲ್ಲ, ಎರಡು ಕಂತುಗಳ ನಡುವಣ ವ್ಯತ್ಯಾಸ. ಎಂಟು ತಿಂಗಳ ದುಡಿಮೆ ನೀರುಪಾಲು. ಯಾರೂ ಗಮನಿಸಿರಲಿಲ್ಲ, ಸುಮ್ಮನಿರಬಹುದಿತ್ತು. ಮರುದಿನ ತಾನೇ ಹೋಗಿ ಗೈಡ್‌ಗೆ ಹೇಳಿದಳಂತೆ. ಅವಳ ಪಿಎಚ್.ಡಿ. ಒಂದು ವರ್ಷ ಮುಂದಕ್ಕೆ ಹೋಯಿತು. ನಮ್ಮ ಬಂಧುಗಳಲ್ಲಿ ಕೆಲವರು ಅದನ್ನು ದಡ್ಡತನವೆಂದೇ ಅಂದರು. ನನಗಂತೂ ಅವಳ ಮೇಲಿನ ಅಭಿಮಾನ ಹೆಚ್ಚಿದ್ದು ಅಂದೇ.

"ನೀವು ವಂಶವಾಹಿ ಎಣಿಸುತ್ತ ಕೂತರೆ ಅಲ್ಲಿ ಜನ ಅದೇ ನೀರು ಕುಡಿಯುತ್ತಿರುತ್ತಾರಲ್ಲೇ?" ಎಂದು ಕೇಳಿಯೇಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಾವಿ ಬದಲಾಯಿಸುವುದೇ ಮೊದಲ ಮದ್ದು, ದೊಡ್ಡಮ್ಮ. ಆದರೆ ಯಾರಿಗೆ ಹೆಚ್ಚು ಅಪಾಯ ಅಂತ ಗೊತ್ತಾದರೆ ಅವರನ್ನು ಮೊದಲು ತಪಾಸಣೆ ಮಾಡಬಹುದು. ನಿಮ್ಮ ಮೈಯೇ ಸರಿಯಿಲ್ಲ ಅಂತ ಯಾರಾದರೂ ಜಾರಿಕೊಳ್ಳುತ್ತಾರೇನೋ ಅಂತ ನನಗೂ ಭಯ ಇದೆ" ಎಂದಳು. ಆ ಭಯ ಅವಳಿಗಿರುವುದು ಒಳ್ಳೆಯದೇ ಅನ್ನಿಸಿತು.

ನಿಮಗೆ ಆಸಕ್ತಿಯಿದ್ದರೆ ಜೀವಶಾಸ್ತ್ರ, ಗಣಿತ, ಕಂಪ್ಯೂಟರ್, ಯಾವ ಬಾಗಿಲಿನಿಂದಲೂ ಒಳಗೆ ಹೋಗಬಹುದು. ಸಂಖ್ಯಾಶಾಸ್ತ್ರ ಮಾತ್ರ ತಪ್ಪದು. ಪುಣೆ ವಿಶ್ವವಿದ್ಯಾಲಯದಲ್ಲೂ ಬೆಂಗಳೂರಿನಲ್ಲೂ ಇದನ್ನು ಕಲಿಸುತ್ತಾರೆ. '1000 ಜೀನೋಮ್ಸ್' ಯೋಜನೆಯ 2,504 ಜನರ ಮಾಹಿತಿ ಯಾರಿಗೂ ಉಚಿತ. ಅದರಲ್ಲಿ ಗುಜರಾತಿಗಳು ಹ್ಯೂಸ್ಟನ್‌ನವರು, ತೆಲುಗರು ಬ್ರಿಟನ್ನಿನವರು, ನಿಮ್ಮ ಹಾಗೆಯೇ ಊರು ಬಿಟ್ಟವರ ಮಕ್ಕಳುಮರಿ. ಕನ್ನಡಿಗರ ಗುಂಪು ಅದರಲ್ಲಿಲ್ಲ. ಒಮ್ಮೆ ಇಳಿಸಿಕೊಂಡು ನೋಡಿ. ಕಡತ ತೆರೆಯುವುದನ್ನು ಕಲಿಯುವುದಕ್ಕೇ ಒಂದು ವಾರ ಬೇಕಾಗುತ್ತದೆ ಎಂದು ಅವಳು ಮೊದಲೇ ಎಚ್ಚರಿಸಿದ್ದಾಳೆ.